ಹಾಲಿನ ಲೆಕ್ಕದ ಪದ್ಯದ ಪುಸ್ತಕ

ಹೋದ ವರ್ಷ ಸುಣ್ಣ ಬಳಿಸುವಾಗ ಹೊರಕೆರೆದೇವಪುರದ ನಮ್ಮ ಮನೆಯ ಅಟ್ಟದಿಂದ ಅಮ್ಮನ ಟ್ರಂಕು ಇಳಿಸಿದೆವು. ಮದುವೆ ಸೀರೆಯ ಅಡಿಯಲ್ಲಿ 1972ರ ‘ನಾಗರಹಾವು’ ಚಿತ್ರದ ಪದ್ಯದ ಪುಸ್ತಕ ಸಿಕ್ಕಿತು. ಪಿನ್ನು ತುಕ್ಕು ಹಿಡಿದು ಕಾಗದಕ್ಕೆಲ್ಲ ಕಂದು ಕಲೆ. ಹಿಂಬದಿಯ ಖಾಲಿ ಜಾಗದಲ್ಲಿ ಅಮ್ಮನ ಪೆನ್ಸಿಲಿನ ಹಾಲಿನ ಲೆಕ್ಕ: ಪಾವು, ಅರ್ಧ ಸೇರು, ಪಾವು.

ಆಗೆಲ್ಲ ಟೆಂಟ್ ಸಿನಿಮಾದವರು ಎತ್ತಿನ ಗಾಡಿಗೆ ಪೋಸ್ಟರು ಕಟ್ಟಿ, ತಮಟೆ ಬಡಿಸುತ್ತ ನೋಟೀಸು ತೂರಿಕೊಂಡು ಹೋಗುತ್ತಿದ್ದರು. ಧೂಳು ಕುಡಿಯುತ್ತ ಗಾಡಿಯ ಹಿಂದೆ ನಾವು. ಟಿಕೆಟ್ಟು ನೆಲದ್ದಾದರೂ ಸರಿ, ಪದ್ಯದ ಪುಸ್ತಕ ಬೇಕೇ ಬೇಕು. ತಾರಾಗಣ, ಹಾಡು, ಅರ್ಧಕ್ಕೇ ನಿಲ್ಲಿಸಿದ ಕಥೆ ಎಲ್ಲ ಅದರಲ್ಲಿ. ‘ನಾಗರಹಾವು’ ಬಂದಾಗ, ಚಿತ್ರದುರ್ಗದ ಕೋಟೆಯನ್ನು ಹತ್ತಾರು ಸಲ ಹತ್ತಿದವರೂ ತೆರೆಯ ಮೇಲೆ ಅದೇ ಬಂಡೆ ಕಂಡು ಶಿಳ್ಳೆ ಹೊಡೆದರು.

ಆ ಪುಸ್ತಕ ಹಿಡಿದು ಕೂತಾಗ ನೆನಪಾದವರು ಸಿನಿಮಾದ ಚರಿತ್ರೆ ಬರೆದ ಪತ್ರಕರ್ತ ದೊಡ್ಡಹುಲ್ಲೂರು ರುಕ್ಕೋಜಿ. ಅವರ ‘ಡಾ. ರಾಜಕುಮಾರ್ ಸಮಗ್ರ ಚರಿತ್ರೆ’ ಎರಡು ದಪ್ಪ ಸಂಪುಟ. ಹೆಸರು ಒಬ್ಬ ನಟರದ್ದಾದರೂ ಒಳಗಿರುವುದು ಕನ್ನಡ ಚಿತ್ರರಂಗದ ಇತಿಹಾಸವೂ ಹೌದು. ರಾಜಕುಮಾರ್ ನಟಿಸಿದ 1954ರ ‘ಬೇಡರ ಕಣ್ಣಪ್ಪ’ನ ಕಥೆ ಹೇಳಹೊರಟವರು ಗುಬ್ಬಿ ನಾಟಕ ಕಂಪನಿಯನ್ನೂ ಮದರಾಸಿನ ಸ್ಟುಡಿಯೋಗಳನ್ನೂ ಬಿಟ್ಟು ಹೇಳುವುದು ಹೇಗೆ? ಸಿನಿಮಾ ಕುರಿತ ಅತ್ಯುತ್ತಮ ಪುಸ್ತಕವೆಂದು ಅದಕ್ಕೆ 2015ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. 2009ನೇ ಸಾಲಿನಲ್ಲಿ ಅದೇ ಗೌರವ ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ಕ್ಕೆ ಸಂದಿತ್ತು. ಎರಡೂ ಕನ್ನಡದವು ಎಂಬುದು ನನಗೆ ಹಬ್ಬದಷ್ಟು ಸಂತೋಷ.

ಸಿನಿಮಾದ ಚರಿತ್ರೆ ಬರೆಯುವ ಈ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯಬೇಕಾದರೆ ‘ಸತಿ ಸುಲೋಚನ’ದ ಗತಿ ನೋಡಬೇಕು. ಕೊಲ್ಹಾಪುರದಲ್ಲಿ ಚಿತ್ರೀಕರಣವಾಗಿ, 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡ ನಮ್ಮ ಮೊದಲ ವಾಕ್ಚಿತ್ರ. ಸುಬ್ಬಯ್ಯ ನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ. ಇಂದು ಅದರ ಪ್ರತಿ ಉಳಿದಿಲ್ಲ. ಆ ರಾವಣ ಹೇಗೆ ಗರ್ಜಿಸಿದನೋ, ಕೇಳುವ ಭಾಗ್ಯ ನಮಗಿಲ್ಲ. ಚಿತ್ರವೇ ಹೋದ ಮೇಲೆ ಚರಿತ್ರೆ ಬರೆಯುವವರಿಗೆ ದಿಕ್ಕು ಯಾವುದು? ಒಂದೆರಡು ಸ್ಟಿಲ್ಲು, ಪತ್ರಿಕೆಯ ಜಾಹೀರಾತು, ಹಿರಿಯರ ನೆನಪು, ಮತ್ತೆ ಇಂಥ ಪದ್ಯದ ಪುಸ್ತಕ.

ಅಮ್ಮನದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಹಾಲಿನ ಲೆಕ್ಕದ ಸಮೇತ. ನಿಮ್ಮ ಅಟ್ಟದಲ್ಲೂ ಒಂದಿರಬಹುದು. ದಯವಿಟ್ಟು ಹಳೇ ಪೇಪರಿನವನ ತಕ್ಕಡಿಗೆ ಹಾಕಬೇಡಿ.