ನನ್ನ ಶ್ರುತಿ ನನಗೆ ದೊರೆತ ಬಗೆ

ನಮ್ಮ ಶ್ರೀಮಠದ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ನನಗೆ ಸಂತೋಷವೂ ಆಯಿತು, ಸಂಕೋಚವೂ ಆಯಿತು. ಶಾಲೆಯ ಉಪಕಾರವನ್ನು ನೆನೆಯುವ ಲೇಖನಗಳು ಈ ಸಂಚಿಕೆಯಲ್ಲಿ ಹಲವು ಇರಬಹುದು. ಅವೆಲ್ಲಕ್ಕೂ ನನ್ನ ಸಮ್ಮತಿ ಇದ್ದೇ ಇದೆ. ನಾನಾದರೋ, 1996ರಲ್ಲಿ ಧಾರವಾಡದಲ್ಲಿ ಸಂಗೀತದ ಸ್ನಾತಕೋತ್ತರ ಪದವಿಗಾಗಿ ವೇದಿಕೆಯ ಮೇಲೆ ಕುಳಿತು ಹಾಡಬೇಕಾಗಿ ಬಂದ ನಲವತ್ತೈದು ನಿಮಿಷಗಳ ಸಂಗತಿಯನ್ನು ಮಾತ್ರ ಇಲ್ಲಿ ಹೇಳಬಯಸುತ್ತೇನೆ. ಅದರಲ್ಲಿ ನನ್ನ ಅಹಂಕಾರದ ಕಥೆಯಿದೆ, ನಮ್ಮ ಶಾಲೆಯ ಹಾರ್ಮೋನಿಯಂ ಪೆಟ್ಟಿಗೆಯ ಕಥೆಯೂ ಇದೆ.

ನನ್ನ ತಾಯಿ ಮಠದ ಪ್ರಸಾದ ನಿಲಯದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಊರಿನ ಕಾಳುಕಡಿ ವ್ಯಾಪಾರಸ್ಥರೊಬ್ಬರು ಶಾಲೆಗೆ ಒಂದು ಹಾರ್ಮೋನಿಯಂ ದಾನವಾಗಿ ಕೊಟ್ಟರು. ಅದರ ಮುಂದೆ ನಿಂತು ಬೆಳಗಿನ ಪ್ರಾರ್ಥನೆಯಲ್ಲಿ ವಚನ ಹಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಮಕ್ಕಳ ಎಳೆಯ ಕಂಠಕ್ಕೆ ಹೊಂದಲೆಂದು ನಮ್ಮ ಮಾಸ್ತರರು ಕಪ್ಪು ಐದನೆಯ ಮನೆಯನ್ನು ಷಡ್ಜವೆಂದು ಹಿಡಿಯುತ್ತಿದ್ದರು. ಹದಿಮೂರು ವರ್ಷದ ಹುಡುಗಿಯ ಕಂಠಕ್ಕೆ ಅದು ಸರಿಯಾಗಿಯೇ ಇತ್ತು. ಮುಂದೆ ಕಂಠ ಬಲಿತು ಬದಲಾದರೂ ನಾನು ಮಾತ್ರ ಆ ಮನೆಯನ್ನು ಬಿಡಲಿಲ್ಲ. ಕಪ್ಪು ಐದರಲ್ಲಿ ಹಾಡುವವಳು ಎಂಬ ಮಾತು ನನ್ನ ಹೆಸರಿನ ಹಿಂದೆ ಬಿರುದಿನಂತೆ ಅಂಟಿಕೊಂಡಿತ್ತು. ಬಿರುದನ್ನು ಬಿಡಲು ಯಾರಿಗೆ ತಾನೆ ಮನಸ್ಸು ಬರುತ್ತದೆ?

ಧಾರವಾಡದ ವಾತಾವರಣವೂ ನನ್ನ ಹೆಮ್ಮೆಗೆ ನೀರೆರೆಯಿತು. ಆ ಊರಿನ ಗಾಳಿಯಲ್ಲಿಯೇ ಸಂಗೀತವಿದೆ ಎನ್ನುವುದು ವಾಡಿಕೆಯ ಮಾತು. ಪಂಡಿತ ಬಸವರಾಜ ರಾಜಗುರುಗಳು 1991ರಲ್ಲಿ, ಪಂಡಿತ ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ಲಿಂಗೈಕ್ಯರಾಗಿದ್ದರು. ನಾನು ಅಲ್ಲಿಗೆ ಹೋದಾಗ ಅವರ ಕಂಠ ಆಕಾಶವಾಣಿಯಲ್ಲಿಯೂ ಧ್ವನಿಸುರುಳಿಗಳಲ್ಲಿಯೂ ಮಾತ್ರ ಉಳಿದಿತ್ತು. ಮನಸೂರರು ಅಪ್ರಚಲಿತ ರಾಗಗಳನ್ನು ಮನೆಯ ಅಂಗಳದಲ್ಲಿ ನಡೆದಾಡಿದಷ್ಟು ಸರಾಗವಾಗಿ ಹಾಡುವುದನ್ನು ಕೇಳಿ ಕೇಳಿ, ಪದವಿಯ ಕಚೇರಿಯಲ್ಲಿ ನಾನೂ ಅಂತಹ ರಾಗವನ್ನೇ ಹಾಡಬೇಕೆಂದು ನಿಶ್ಚಯಿಸಿದೆ. ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನ್ ಮತ್ತು ಭೂರ್ಜೀಖಾನರಂತಹ ಗುರುಗಳ ಬಳಿ ಕಲಿತು, ಒಂದು ಆಯುಷ್ಯದ ಸಾಧನೆಯಿಂದ ಅವರು ಪಡೆದುದನ್ನು ನಾನು ಐದು ತಿಂಗಳಲ್ಲಿ ಪಡೆಯಲು ಹೊರಟಿದ್ದೆ.

ನನ್ನ ಸರದಿ ಏಪ್ರಿಲ್ ತಿಂಗಳಿನ ಒಂದು ಮಧ್ಯಾಹ್ನ ಮೂರೂವರೆ ಗಂಟೆಗೆಂದು ಗೊತ್ತಾಯಿತು. ನಾನು ಒಂದು ಯಾದಿ ಬರೆದುಕೊಂಡು ಗುರುಗಳ ಮನೆಗೆ ಹೋದೆ. ಮೊದಲು ಹಂಸಕಿಂಕಿಣಿ ರಾಗದಲ್ಲಿ ಬಡಾ ಖ್ಯಾಲ್, ಛೋಟಾ ಖ್ಯಾಲ್. ಅನಂತರ ಒಂದು ತರಾನಾ, ಒಂದು ಠುಮ್ರಿ, ಕೊನೆಗೆ ಎರಡು ವಚನ. ಗುರುಗಳು ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದರು.

“ತಂಗಿ, ಯಾದಿ ಛಲೋ ಐತಿ. ಆದ್ರ ಇದು ಹಾಡೋ ಯಾದಿ ಅಲ್ಲ, ಕಿರಾಣಿ ಅಂಗಡಿ ಯಾದಿ” ಎಂದರು.

ನಾನು ಸುಮ್ಮನಿದ್ದೆ. ಅವರು ಸೀಸದ ಕಡ್ಡಿ ತೆಗೆದುಕೊಂಡು ತರಾನಾ, ಠುಮ್ರಿ, ಒಂದು ವಚನ ಇವಿಷ್ಟನ್ನೂ ಹೊಡೆದುಹಾಕಿದರು. ಆಮೇಲೆ ಹಂಸಕಿಂಕಿಣಿಯ ಮೇಲೆ ಗೆರೆ ಎಳೆದು ಅದರ ಪಕ್ಕದಲ್ಲಿ ಭೀಮಪಲಾಸ ಎಂದು ಬರೆದರು.

“ಗುರುಗಳ, ಭೀಮಪಲಾಸ ಎಲ್ಲಾರೂ ಹಾಡ್ತಾರ್ರೀ” ಎಂದು ಧೈರ್ಯ ಮಾಡಿ ಹೇಳಿದೆ.

“ಅದಕ್ಕ ಹಾಡು. ಎಲ್ಲಾರಿಗೂ ಗೊತ್ತಿರೋ ರಾಗದಾಗ ತಪ್ಪು ಮುಚ್ಚಾಕ ಬರೂದಿಲ್ಲ. ಹಂಸಕಿಂಕಿಣಿ ಎಂದೂ ಹಾಡಬ್ಯಾಡ ಅನ್ನಾಂಗಿಲ್ಲ. ಭೀಮಪಲಾಸದಾಗ ಅರ್ಧಾ ತಾಸು ಕುಂದರಾಕ ಬಂದ ಮ್ಯಾಲ ಹಾಡು.”

ಹಂಸಕಿಂಕಿಣಿಯಲ್ಲಿ ಶುದ್ಧ, ಕೋಮಲ ಎರಡೂ ಗಾಂಧಾರಗಳು ಬರುತ್ತವೆ. ಕೋಮಲ ಗಾಂಧಾರವೊಂದೇ ಇರುವ ಭೀಮಪಲಾಸದಲ್ಲಿಯೇ ನೆಲೆ ನಿಲ್ಲದವಳು ಎರಡನ್ನು ಹೇಗೆ ನಿಭಾಯಿಸಿಯಾಳು ಎಂಬುದು ಅವರ ಮಾತಿನ ಅಭಿಪ್ರಾಯವಾಗಿತ್ತು. ಭೀಮಪಲಾಸವು ಮಧ್ಯಾಹ್ನದ ರಾಗ. ಆರೋಹದಲ್ಲಿ ರಿಷಭ ಮತ್ತು ಧೈವತಗಳನ್ನು ಬಿಟ್ಟು ನಡೆಯುತ್ತದೆ, ಅವರೋಹದಲ್ಲಿ ಏಳೂ ಸ್ವರಗಳನ್ನು ಮುಟ್ಟುತ್ತದೆ. ಅದರ ಪ್ರಾಣವಿರುವುದು ಮಧ್ಯಮದಲ್ಲಿ. ಮಧ್ಯಮವನ್ನು ಮರೆತು ಪಂಚಮದ ಮೇಲೆ ಹೆಚ್ಚು ಹೊತ್ತು ನಿಂತರೆ ರಾಗವು ಧನಾಶ್ರೀಯ ಕಡೆಗೆ ವಾಲುತ್ತದೆ. ಇವನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಗಳಿಸಿದ್ದೆ. ಆದರೆ ಆ ಮಧ್ಯಮದಲ್ಲಿ ಒಂದು ಉಸಿರಿನಷ್ಟು ಕಾಲ ಅಲುಗದೆ ನಿಲ್ಲು ಎಂದಾಗ ನನ್ನಿಂದ ಆಗಲಿಲ್ಲ.

ಅಂದಿನಿಂದ ನಿಜವಾದ ಸಿದ್ಧತೆ ಆರಂಭವಾಯಿತು. ನಲವತ್ತೈದು ನಿಮಿಷಗಳನ್ನು ಗುರುಗಳು ಮನೆಯ ಖರ್ಚಿನಂತೆ ಹಂಚಿಕೊಟ್ಟರು. ಆರಂಭದ ಆಲಾಪಕ್ಕೆ 2 ನಿಮಿಷ, ವಿಲಂಬಿತ ಏಕತಾಳದ ಖ್ಯಾಲಿಗೆ 24, ದ್ರುತ ತೀನತಾಳಕ್ಕೆ 11, ವಚನಕ್ಕೆ 8. ನಮ್ಮ ಲಯದಲ್ಲಿ ಏಕತಾಳದ ಒಂದು ಮಾತ್ರೆಗೆ ಸುಮಾರು 4 ಸೆಕೆಂಡು ಹಿಡಿಯುತ್ತಿತ್ತು. ಹನ್ನೆರಡು ಮಾತ್ರೆಗಳ ಒಂದು ಆವರ್ತನಕ್ಕೆ 48 ಸೆಕೆಂಡು. ಅಂದರೆ 24 ನಿಮಿಷಕ್ಕೆ 30 ಆವರ್ತನಗಳು. ಮಂದ್ರದಿಂದ ಮಧ್ಯಮದವರೆಗೆ ಹತ್ತು, ಪಂಚಮದಿಂದ ನಿಷಾದದವರೆಗೆ ಎಂಟು, ತಾರ ಷಡ್ಜದ ಸುತ್ತ ನಾಲ್ಕು, ಬೋಲ್ ಮತ್ತು ತಾನುಗಳಿಗೆ ಎಂಟು. ಕೇಳುವವರಿಗೆ ಇದು ಗಣಿತದಂತೆ ತೋರಬಹುದು. ಆದರೆ ಹತ್ತು ಆವರ್ತನಗಳವರೆಗೆ ಮಧ್ಯಮವನ್ನು ದಾಟಿ ಮೇಲೆ ಹೋಗಬಾರದೆಂಬ ಕಟ್ಟಳೆ ಎಷ್ಟು ಕಠಿಣವೆಂಬುದು ಹಾಡಿದವರಿಗೇ ಗೊತ್ತು. ನನ್ನ ಮನಸ್ಸೆಲ್ಲ ತಾರ ಸಪ್ತಕದ ಕಡೆಗೇ ಓಡುತ್ತಿತ್ತು.

ನಸುಕಿನಲ್ಲೆದ್ದು ಖರಜದ ಸಾಧನೆ, ಮಧ್ಯಾಹ್ನ ರಾಗದ ಅಭ್ಯಾಸ, ವಾರಕ್ಕೆರಡು ಸಂಜೆ ತಬಲಾದವರೊಡನೆ ತಾಲೀಮು, ಹೀಗೆ ನಾಲ್ಕು ತಿಂಗಳು ಕಳೆದವು. ಗೆಳತಿಯ ಟೇಪ್ ರೆಕಾರ್ಡರಿನಲ್ಲಿ ನನ್ನ ಹಾಡನ್ನು ಮುದ್ರಿಸಿ ಕೇಳಿದಾಗ ತಾರ ಗಾಂಧಾರ, ಮಧ್ಯಮಗಳು ಚೀರಿದಂತೆ ಕೇಳಿಸುತ್ತಿದ್ದವು. ಸಾಧನೆ ಸಾಲದೆಂದು ಬಗೆದು ಮತ್ತಷ್ಟು ಹೊತ್ತು ಹಾಡಿದೆ. ಕಚೇರಿಗೆ ಇನ್ನು 24 ದಿನಗಳಿವೆ ಎನ್ನುವಾಗ ಒಂದು ಬೆಳಿಗ್ಗೆ ಎದ್ದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ.

ಹುಬ್ಬಳ್ಳಿಯ ಗಂಟಲು ವೈದ್ಯರೊಬ್ಬರು ಪರೀಕ್ಷಿಸಿ, ಸ್ವರತಂತುಗಳು ಬಾತಿವೆ ಎಂದರು. ಎಂಟು ದಿನ ಸಂಪೂರ್ಣ ಮೌನ. ಪಿಸುಮಾತೂ ಗಂಟಲಿಗೆ ಶ್ರಮವೇ ಆದ್ದರಿಂದ ಅದೂ ಬೇಡವೆಂದು ಎಚ್ಚರಿಸಿದರು. ನಾನು ಯಾವ ಶ್ರುತಿಯಲ್ಲಿ ಹಾಡುತ್ತೇನೆಂದು ಕೇಳಿ ತಿಳಿದುಕೊಂಡು, ಒಂದು ಚೀಟಿಯ ಮೇಲೆ ಲೆಕ್ಕ ಬರೆದು ತೋರಿಸಿದರು. ಕಪ್ಪು ಐದರ ಷಡ್ಜದಲ್ಲಿ ಸ್ವರತಂತುಗಳು ಸೆಕೆಂಡಿಗೆ ಸುಮಾರು 233 ಬಾರಿ ಕೂಡಿ ಅಗಲುತ್ತವೆ, ಕಪ್ಪು ನಾಲ್ಕರಲ್ಲಿ ಸುಮಾರು 208 ಬಾರಿ. ತಾರ ಮಧ್ಯಮಕ್ಕೆ ಹೋದಾಗ ಅದು 620ಕ್ಕೂ ಮೀರುತ್ತದೆ, ಕಪ್ಪು ನಾಲ್ಕರಲ್ಲಾದರೆ 555ರ ಆಸುಪಾಸು. “ಇಷ್ಟು ಸಣ್ಣ ಎರಡು ಪದರಗಳಿಂದ ದಿನಕ್ಕೆ ಆರು ತಾಸು ಈ ಕೆಲಸ ಮಾಡಿಸ್ತೀರಿ. ಅವು ನಿಮಗ ಏನ್ ಅನ್ಯಾಯ ಮಾಡ್ಯಾವ?” ಎಂದು ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ. ಈ ಪದವಿ ಕೈಗೆ ಬಂದರೆ ಸಂಗೀತ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಬಹುದೆಂದು, ತಾಯಿಯನ್ನು ಒಲೆಯ ಮುಂದಿನಿಂದ ಎಬ್ಬಿಸಬಹುದೆಂದು ನಾನು ದಿನ ಎಣಿಸುತ್ತಿದ್ದೆ.

ಆ ಎಂಟು ದಿನ ನಾನು ತಂಬೂರಿಯನ್ನು ಮಾತ್ರ ಮೀಟುತ್ತ ಕುಳಿತೆ. ಮಿರಜಿನಲ್ಲಿ ತಯಾರಾದ ಆ ತಂಬೂರಿಯನ್ನು ಎರಡು ವರ್ಷದಿಂದ ನುಡಿಸಿದ್ದರೂ ಅದನ್ನು ಕೇಳಿರಲಿಲ್ಲವೆಂಬುದು ಆಗ ತಿಳಿಯಿತು. ಖರಜದ ತಂತಿ ಸರಿಯಾಗಿ ಕೂಡಿದಾಗ, ಯಾರೂ ಮೀಟದ ಗಾಂಧಾರವೊಂದು ತಾನಾಗಿಯೇ ಅದರೊಳಗಿನಿಂದ ಏಳುತ್ತದೆ. ಬಲ್ಲವರು ಅದನ್ನು ಸ್ವಯಂಭೂ ಗಾಂಧಾರವೆನ್ನುತ್ತಾರೆ. ತಂತಿಯನ್ನು ಅಗತ್ಯಕ್ಕಿಂತ ಹೆಚ್ಚು ಬಿಗಿದರೆ ಅದು ಏಳುವುದಿಲ್ಲ, ಸಡಿಲಿಸಿದರೂ ಏಳುವುದಿಲ್ಲ. ದೇಹವನ್ನೇ ವಾದ್ಯವಾಗಿ ಮಾಡಿಕೋ ಎಂದು ದೇವರನ್ನು ಬೇಡುವ ಬಸವಣ್ಣನವರ ವಚನವನ್ನು ನಾನು ಶಾಲೆಯ ಅಂಗಳದಲ್ಲಿ ನೂರಾರು ಸಲ ಹಾಡಿದ್ದೆ. ಅದೇ ವಚನವನ್ನು ಕಚೇರಿಯ ಕೊನೆಗೂ ಇಟ್ಟುಕೊಂಡಿದ್ದೆ. ಆದರೆ ದೇಹವೂ ವಾದ್ಯದಂತೆಯೇ ಬಿಗಿದರೆ ಹರಿಯುವ ವಸ್ತುವೆಂಬ ಸರಳ ಅರ್ಥ ನನ್ನ ತಲೆಗೆ ಹೊಕ್ಕಿದ್ದು ಬಾಯಿ ಕಟ್ಟಿ ಕುಳಿತ ಆ ದಿನಗಳಲ್ಲಿಯೇ.

ಒಂಬತ್ತನೆಯ ದಿನ ಗುರುಗಳಲ್ಲಿಗೆ ಹೋಗಿ, ಕಚೇರಿಯನ್ನು ಮುಂದಕ್ಕೆ ಹಾಕಿಸಲೆ ಎಂದು ಕೇಳಿದೆ. ಅವರು ಉತ್ತರ ಕೊಡದೆ ತಂಬೂರಿಯನ್ನು ಒಂದು ಸ್ವರದಷ್ಟು ಕೆಳಗೆ ಇಳಿಸಿ, ಕಪ್ಪು ನಾಲ್ಕಕ್ಕೆ ಕೂಡಿಸಿದರು. “ಸಾ ಹಚ್ಚು” ಎಂದರು. ಹಚ್ಚಿದೆ. ಸ್ವರ ಸಲೀಸಾಗಿ ಬಂದಿತು. ಆದರೆ ನನ್ನ ಕಣ್ಣಲ್ಲಿ ನೀರು ಬಂದಿತು. ಬಿರುದು ಹೋಯಿತಲ್ಲ ಎಂಬ ನೀರು. ಅವರು ಅದನ್ನು ಕಂಡರು. ಗಂಟಲಿನ ಚಿಕಿತ್ಸೆಯಾದ ಮೇಲೆ ಗಂಗೂಬಾಯಿ ಹಾನಗಲ್ಲರ ಕಂಠ ಎಷ್ಟು ಆಳಕ್ಕೆ ಇಳಿಯಿತೆಂಬುದನ್ನೂ, ಆ ಇಳಿದ ಕಂಠದಲ್ಲಿಯೇ ಅವರು ಭಾರತದುದ್ದಕ್ಕೂ ಹಾಡಿ ಹೆಸರಾದುದನ್ನೂ ಹೇಳಿದರು. “ಅವರು ಹೋದ ಧ್ವನಿ ಹುಡಕಲಿಲ್ಲ, ಇದ್ದ ಧ್ವನಿಯೊಳಗ ಹಾಡಿದ್ರು” ಎಂದರು. ಅದಕ್ಕಿಂತ ಹೆಚ್ಚಿಗೆ ಅವರು ಏನನ್ನೂ ಹೇಳಲಿಲ್ಲ.

ಉಳಿದ ದಿನಗಳಲ್ಲಿ ದಿನಕ್ಕೆ ಒಂದೂವರೆ ತಾಸು ಮಾತ್ರ ಹಾಡಿದೆ. ತಬಲಾದವರು ಹೊಸ ಶ್ರುತಿಗೆ ಹೊಂದುವ ಬೇರೊಂದು ತಬಲಾ ಹುಡುಕಿ ತಂದರು, ಬೇಸರಪಡಲಿಲ್ಲ. ತಾನುಗಳಲ್ಲಿ ಅರ್ಧವನ್ನು ಬಿಟ್ಟುಕೊಟ್ಟೆ. ಹೀಗೆ ಬಿಡುತ್ತ ಹೋದಂತೆ, ನನ್ನದೆಂದು ಹೇಳಬಹುದಾದುದು ಎಷ್ಟೆಂಬುದು ಸ್ಪಷ್ಟವಾಗತೊಡಗಿತು. ಅದು ಬಹಳವಿರಲಿಲ್ಲ, ಆದರೆ ಇದ್ದಷ್ಟು ಗಟ್ಟಿಯಾಗಿತ್ತು.

ಕಚೇರಿಯ ದಿನ ನಮ್ಮ ಶಾಲೆಯ ಇಬ್ಬರು ಮಾಸ್ತರರು, ಹಾರ್ಮೋನಿಯಂ ಕೊಟ್ಟ ಆ ದಾನಿಗಳು ಮತ್ತು ನನ್ನ ತಾಯಿ ಬೆಳಗಿನ ಬಸ್ಸಿಗೆ ಹೊರಟು ಧಾರವಾಡಕ್ಕೆ ಬಂದಿದ್ದರು. ಕಪ್ಪು ಐದರಲ್ಲಿ ಹಾಡುವ ಹುಡುಗಿಯನ್ನು ಕೇಳಲು ಬಂದವರೆದುರು ತಂಬೂರಿಗಳು ಕಪ್ಪು ನಾಲ್ಕರಲ್ಲಿ ನುಡಿಯತೊಡಗಿದವು. ಮೊದಲ ಹತ್ತು ಆವರ್ತನ ನಾನು ಮಧ್ಯಮವನ್ನು ದಾಟಲಿಲ್ಲ. ಆರನೆಯದೋ ಏಳನೆಯದೋ ಆವರ್ತನದಲ್ಲಿ ಮಧ್ಯಮದ ಮೇಲೆ ನಿಂತಾಗ, ನಾನು ಹಾಡುತ್ತಿದ್ದೇನೆಂಬುದಕ್ಕಿಂತ ಆ ಸ್ವರದೊಳಗೆ ಕುಳಿತಿದ್ದೇನೆ ಎನಿಸಿತು. ದ್ರುತದಲ್ಲಿ ಒಂದು ತಾನು ನಡುವೆಯೇ ಮುರಿಯಿತು. ಮೊದಲಿನ ನಾನಾಗಿದ್ದರೆ ಅದನ್ನು ಮತ್ತೆ ಹಿಡಿದು ಗೆಲ್ಲಲು ಹೆಣಗಾಡುತ್ತಿದ್ದೆ. ಅಂದು ಅದನ್ನು ಹೋಗಗೊಟ್ಟು ಸಮಕ್ಕೆ ಬಂದು ಸೇರಿಕೊಂಡೆ. ಕೊನೆಗೆ ಭೈರವಿಯಲ್ಲಿ ಬಸವಣ್ಣನವರ ವಚನವನ್ನು ಹಾಡಿ ಮುಗಿಸಿದೆ.

ನನಗೆ ಪ್ರಥಮ ವರ್ಗ ಬಂದಿತು, ಪ್ರಥಮ ಸ್ಥಾನ ಬರಲಿಲ್ಲ. ಮಾಸ್ತರರು ಹರಸಿದರು. ದಾನಿಗಳು, “ಇನ್ನೊಂದು ವಚನ ಇದ್ದಿದ್ರ ಛಲೋ ಇತ್ತವಾ” ಎಂದರು. ರಾಗದ ಗಂಧವಿಲ್ಲದ ನನ್ನ ತಾಯಿ ಮಾತ್ರ ಹತ್ತಿರ ಬಂದು ನನ್ನ ಕುತ್ತಿಗೆಯನ್ನು ಸವರಿ, “ಇವತ್ತ ನಿನ್ನ ನರ ಉಬ್ಬಲಿಲ್ಲ ನೋಡು. ಇಷ್ಟು ವರ್ಷ ನೀ ಹಾಡೂಮುಂದ ನನಗ ಅಂಜಿಕಿ ಬರ್ತಿತ್ತು” ಎಂದಳು. ಅಡುಗೆಮನೆಯ ಕಿಟಕಿಯಿಂದ ಅವಳು ಪ್ರತಿದಿನ ನನ್ನ ಪ್ರಾರ್ಥನೆಯನ್ನು ಕೇಳುತ್ತಿದ್ದಳೆಂಬುದು ಗೊತ್ತಿತ್ತು. ಅಂಜುತ್ತ ಕೇಳುತ್ತಿದ್ದಳೆಂಬುದು ಗೊತ್ತಿರಲಿಲ್ಲ.

ಮುಂದೆ ನನಗೆ ಶಿಕ್ಷಕಿಯ ಕೆಲಸ ದೊರೆಯಿತು. ತಾಯಿ ಒಲೆಯ ಮುಂದಿನಿಂದ ಎದ್ದು ನನ್ನ ಮನೆಗೆ ಬಂದಳು. ಹಂಸಕಿಂಕಿಣಿಯನ್ನು ಹನ್ನೊಂದು ವರ್ಷಗಳ ಅನಂತರ ಹಾಡಿದೆ, ಮನೆಯಲ್ಲಿ, ಒಬ್ಬಳೇ.

ಕೆಲವು ವರ್ಷಗಳಿಂದ ಪ್ರತಿ ರವಿವಾರ ಶ್ರೀಮಠಕ್ಕೆ ಬಂದು ಶಾಲೆಯ ಮಕ್ಕಳಿಗೆ ವಚನಗಾಯನ ಕಲಿಸುತ್ತಿದ್ದೇನೆ. ಆ ಹಳೆಯ ಹಾರ್ಮೋನಿಯಂ ಇಂದಿಗೂ ಇದೆ. ಅದರ ಕಪ್ಪು ಐದರ ಮನೆ ಬೆರಳು ತಾಗಿ ತಾಗಿ ಸವೆದಿದೆ. ಹೊಸ ಮಗು ಬಂದಾಗ ನಾನು ಮೊದಲು ಪೆಟ್ಟಿಗೆಯನ್ನು ಮುಟ್ಟುವುದಿಲ್ಲ. ನಿನ್ನ ಹೆಸರು ಹೇಳು, ನಿಮ್ಮ ಊರು ಯಾವುದು, ಮನೆಯಲ್ಲಿ ಯಾರು ಯಾರು ಇದ್ದಾರೆ ಎಂದು ಮಾತನಾಡಿಸುತ್ತೇನೆ. ಮಾತಿನಲ್ಲಿಯೇ ಮಗುವಿನ ಧ್ವನಿ ಎಲ್ಲಿ ನೆಲೆಸಿದೆ ಎಂಬುದು ತಿಳಿಯುತ್ತದೆ. ಅದು ತಿಳಿದ ಮೇಲೆಯೇ ಅದಕ್ಕೆ ತಕ್ಕ ಮನೆಯನ್ನು ಹುಡುಕಿ ಒತ್ತುತ್ತೇನೆ. ನನಗೆ ಹಾಡಲು ಒಂದು ಅಂಗಳವನ್ನೂ ಒಂದು ಪೆಟ್ಟಿಗೆಯನ್ನೂ ಕೊಟ್ಟ ಈ ಸಂಸ್ಥೆಗೆ ನಾನು ಸಲ್ಲಿಸಬಲ್ಲ ಸೇವೆ ಇಷ್ಟೇ.