ಒಂದು ದಿನಕ್ಕ ಏನಾಗ್ತದ?

ಹೆಣ್ಣುಮಗಳನ್ನು ಒಂದು ದಿನ ಸಾಲಿ ಬಿಡಿಸಲು ನಮ್ಮ ಕಡೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಸವಣೂರಿನಲ್ಲಿ ಮದುವೆ, ಶಿಗ್ಗಾಂವಿಯಲ್ಲಿ ತೊಟ್ಟಿಲ ಕಾರ್ಯ, ಶಿಶುನಾಳದ ಜಾತ್ರೆ, ಮನೆಗೆ ಬೀಗರು ಬಂದರು... “ಒಂದು ದಿನಕ್ಕ ಏನಾಗ್ತದ, ಬಿಡು” ಎಂದುಬಿಡುತ್ತಾರೆ. ಅದೇ ಮಗನ ಮಾತು ಬಂದರೆ “ಪಾಠ ತಪ್ಪತಾವ” ಎಂಬ ನೆನಪು ಥಟ್ಟನೆ ಬರುತ್ತದೆ!

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂಡಬೇಕಾದರೆ ನೂರಕ್ಕೆ 75ರಷ್ಟು ಹಾಜರಿ ಬೇಕು. ಇದನ್ನು ಮನೆಯ ಲೆಕ್ಕದಲ್ಲಿ ನೋಡೋಣ. ವರ್ಷಕ್ಕೆ 220 ದಿನ ಸಾಲಿ ನಡೆಯಿತೆನ್ನಿ. 165 ದಿನ ಹೋಗಲೇಬೇಕು. ತಪ್ಪಿಸಲು ಉಳಿಯುವುದು 55 ದಿನ. ಬಹಳ ಆಯಿತಲ್ಲ ಎನಿಸುತ್ತದೆ. ಆದರೆ ತಿಂಗಳ ಮೂರು ದಿನ ಹುಡುಗಿಯನ್ನು ಮನೆಯಲ್ಲಿ ಕೂಡಿಸಿದರೆ ಹತ್ತು ತಿಂಗಳಿಗೆ 30 ದಿನ ಅಲ್ಲಿಗೇ ಹೋದವು. ಉಳಿದ 25ರಲ್ಲಿ ಜ್ವರ, ನೆಗಡಿ, ಮದುವೆ, ಮುಂಜಿ ಎಲ್ಲಾ ಮುಗಿಯಬೇಕು.

ಹಾನಗಲ್ಲಿನಲ್ಲಿ ನಮ್ಮ ಓಣಿಯ ತುದಿಗೆ ಒಂದು ಕೂಲಿಯ ಮನೆ ಇದೆ. ಅವರ ಹಿರಿಯ ಮಗಳು ಆಗ ಹತ್ತನೇ ಇಯತ್ತೆ. ಭತ್ತದ ನಾಟಿ ಶುರುವಾದದ್ದೇ ತಾಯಿ ಗದ್ದೆಗೆ, ಎರಡು ವರ್ಷದ ತಮ್ಮ ಅಕ್ಕನ ಸೊಂಟಕ್ಕೆ! ಹಾಗೆ 18 ದಿನ ಹೋದವು. ಮುಂದೆ ಹಿರೇಕೆರೂರು ಕಡೆಯ ಸೋದರಮಾವನ ಊರಲ್ಲಿ ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಮಾಡಲು ಹೋಗಿ ಮತ್ತೆ 13 ದಿನ. ಹೂವಿನ ಕೆಲಸ ನೋಡಿ, ಇವತ್ತು ಬಿಟ್ಟರೆ ನಾಳೆ ಇಲ್ಲ. ಕೂಲಿಯೂ ಕೈಗೆ ಬರುತ್ತದೆ.

ನಾನು ಆ ತಾಯಿಯನ್ನು ಕೇಳಿದೆ: “ಯಾಕವಾ, ಹುಡುಗಿ ಸಾಲೀಗೆ ಹೋಗೂದಿಲ್ಲೇನು?”

“ಏನ್ ಮಾಡ್ಲಿ ಅಕ್ಕಾರ, ನಾ ಕೂಲಿ ಬಿಟ್ರ ಒಲಿ ಹತ್ತೂದಿಲ್ಲ. ಸಣ್ಣಾಂವನ್ನ ಯಾರು ಹಿಡೀಬೇಕು?”

ಈ ಪ್ರಶ್ನೆಗೆ ಉಪದೇಶ ಉತ್ತರವಾಗುವುದಿಲ್ಲ. ಅಂಗನವಾಡಿಯ ಶಾಲಾಪೂರ್ವ ಪಾಠಕ್ಕೆ ಮಗುವಿಗೆ ಮೂರು ತುಂಬಿರಬೇಕು. ನಾನು ಹೇಳಿದ್ದು ಇಷ್ಟೇ: “31 ದಿನ ಆಗ್ಯಾವ. ಇನ್ನ 24 ದಿನ ದಾಟಿದ್ರ ಪರೀಕ್ಷಾದ ಚೀಟಿ ಬರೂದಿಲ್ಲ. ಹತ್ತು ವರ್ಷ ಓದಿಸಿದ್ದು ನೀರಾಗ ಹೋಗ್ತದ.” ಆಕೆ ಸುಮ್ಮನೆ ನಿಂತಳು. ಲೆಕ್ಕವನ್ನು ಯಾರೂ ಆಕೆಗೆ ಹೀಗೆ ಬಿಡಿಸಿ ಹೇಳಿರಲಿಲ್ಲ.

ಆಮೇಲೆ ನಾವು ಓಣಿಯ ಮೂವರು ಹೆಂಗಸರು ಮಾತಾಡಿಕೊಂಡೆವು. ಕೂಲಿಯ ದಿನಗಳಲ್ಲಿ ಕೂಸು ಪಾಳಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ. ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಕೈ ಹಾಕಿ ಕಾಡಿದ, ನನ್ನ ಒಂದು ಸ್ಟೀಲಿನ ಡಬ್ಬಿಯನ್ನೂ ನೆಗ್ಗಿಸಿದ! ಹುಡುಗಿ ಮಾತ್ರ ಸಾಲಿಗೆ ಹೋದಳು. ಪರೀಕ್ಷೆಗೆ ಕೂತಳು, ಪಾಸಾದಳು. ದೊಡ್ಡ ಅಂಕಗಳೇನಲ್ಲ, ಆದರೆ ಈಗ ಕಾಲೇಜಿಗೆ ಹೋಗುತ್ತಾಳೆ.

ಸಣ್ಣ ತರಗತಿಯ ಮಕ್ಕಳಿಗೂ ನಿಯಮವಿದೆ. 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಬಂದಿದೆ. ಸಾಲಿ ಬಿಟ್ಟ ಮಕ್ಕಳ ವಿಷಯವನ್ನು 2013ರಲ್ಲಿ ನಮ್ಮ ಹೈಕೋರ್ಟು ತಾನಾಗಿಯೇ ಕೈಗೆತ್ತಿಕೊಂಡಿತು. ಅದಾದ ಮೇಲೆ ಕರ್ನಾಟಕದಲ್ಲಿ ಹೇಳದೆ ಕೇಳದೆ ಸತತ ಏಳು ದಿನ ಬಾರದ ಮಗುವನ್ನು ಸಾಲಿ ಬಿಟ್ಟ ಮಗುವೆಂದು ಎಣಿಸಿ ವಿಚಾರಿಸುವ ನಿಯಮ ಬಂತು. ಮಾಸ್ತರು ಮನೆ ಬಾಗಿಲಿಗೆ ಬಂದರೆ ಸಿಟ್ಟಾಗಬೇಡಿ. ಕೂಡಿಸಿ, ಚಹಾ ಕೊಟ್ಟು, ಇದ್ದ ಅಡಚಣೆ ಹೇಳಿ.

ನಾವು ಮಾಡಬಹುದಾದದ್ದು ಕಷ್ಟದ್ದೇನಲ್ಲ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮಗು ಸಾಲಿ ತಪ್ಪಿಸಿದ ದಿನಕ್ಕೆ ಕೆಂಪು ಗುರುತು ಹಾಕಿ. ಜಡ್ಡಾದರೆ ಅಂದೇ ಚೀಟಿ ಕಳಿಸಿ, ಡಾಕ್ಟರರ ಪತ್ರ ಜೋಪಾನವಾಗಿಡಿ. ತಿಂಗಳ ಕೊನೆಗೆ ಅಕ್ಕೋರನ್ನು ಕಂಡು ಹಾಜರಿ ಕೇಳಿ. ಮುಟ್ಟಿನ ದಿನ ಹೊಟ್ಟೆನೋವಿದ್ದರೆ ಮಲಗಲಿ, ಇಲ್ಲದಿದ್ದರೆ ಬಟ್ಟೆಯ ಅನುಕೂಲ ಮಾಡಿ ಕಳಿಸಿ. ನಿಮ್ಮ ಓಣಿಯಲ್ಲೂ ತಮ್ಮನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತ ಹುಡುಗಿ ಇದ್ದರೆ, ಆ ಕೂಸನ್ನು ಅರ್ಧ ದಿನ ನೀವು ಇಸಿದುಕೊಳ್ಳಿ.