ಪರಿಹಾರಕ್ಕೊಂದು ಪರಿಹಾರ

ಕನ್ನಡದಲ್ಲಿ 'ಪರಿಹಾರ' ಅನ್ನೋದು ಒಂದು ಮಜವಾದ ಪದ. ತಲೆನೋವಿಗೆ ಪರಿಹಾರ, ಶನಿಕಾಟಕ್ಕೆ ಪರಿಹಾರ ಅಂದರೆ ತೊಂದರೆಯನ್ನು ಹೋಗಲಾಡಿಸುವುದು. ಅದೇ ನೆರೆ ಪರಿಹಾರ, ಬರ ಪರಿಹಾರ, ಭೂಸ್ವಾಧೀನದ ಪರಿಹಾರ ಅಂದರೆ ತೊಂದರೆ ಆದ ಮೇಲೆ (ಅಥವಾ ಕೊಟ್ಟ ಮೇಲೆ!) ಕೈಗೆ ಬರುವ ದುಡ್ಡು. ಪದ ಒಂದೇ, ಅರ್ಥ ಮಾತ್ರ ಒಂದಕ್ಕೊಂದು ಎದುರುಬದುರು. ಇಂಗ್ಲಿಷಿನಲ್ಲೂ ಇಂಥದ್ದೇ ಒಂದು ಪದ ಇದೆ, 'ಮಿಟಿಗೇಶನ್' ಅಂತ. ಅದರ ಎರಡೂ ಮುಖಗಳು ನನಗೆ ಒಟ್ಟಿಗೆ ಕಂಡಿದ್ದು 2023ರ ವಸಂತದಲ್ಲಿ, ನಮ್ಮೂರ ಪತ್ರಿಕೆಯ ಲೀಗಲ್ ನೋಟೀಸ್ ಪುಟದಲ್ಲಿ.

ನಾನಿರುವುದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ನಡುಭಾಗದಲ್ಲಿ. ನಮ್ಮ ಬೀದಿಯ ಹಿಂದೆ ಒಂದು ಸಣ್ಣ ಹಳ್ಳ ಹರಿಯುತ್ತೆ. ಅದು ಮುಂದೆ ಹೋಗಿ ರಾರಿಟನ್ ನದಿಗೆ ಸೇರುತ್ತೆ. ಬೇಸಿಗೆಯಲ್ಲಿ ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುವಷ್ಟೇ ನೀರು. ಆದರೆ ರಾರಿಟನ್ ಕಣಿವೆಯವರಿಗೆ ಮೂರು ಹೆಸರು ಬಾಯಿಪಾಠ: 1999ರ ಫ್ಲಾಯ್ಡ್, 2011ರ ಐರೀನ್, 2021ರ ಐಡಾ. ಐಡಾ ಚಂಡಮಾರುತದ ಶೇಷ ಇಲ್ಲಿಗೆ ಬಂದದ್ದು 2021ರ ಸೆಪ್ಟೆಂಬರ್ 1ರ ಸಂಜೆ. ನ್ಯೂಜೆರ್ಸಿಯೊಂದರಲ್ಲೇ 30 ಜನ ಸತ್ತರು. ನಮ್ಮ ಮನೆಯಲ್ಲಿ ಬೇಸ್‌ಮೆಂಟಿನ ಮೆಟ್ಟಿಲು ಒಂದೊಂದಾಗಿ ಮುಳುಗುವುದನ್ನು ಟಾರ್ಚ್ ಹಿಡಿದು ಎಣಿಸುತ್ತಾ ಕೂತಿದ್ದೆವು. ಕರೆಂಟ್ ಹೋದ ಮೇಲೆ ಸಂಪ್ ಪಂಪ್ ಇದ್ದೂ ಇಲ್ಲದ ಹಾಗೆ. ಊರಿಂದ ತಂದಿದ್ದ ಅಪ್ಪನ ಪುಸ್ತಕಗಳ ಎರಡು ಪೆಟ್ಟಿಗೆ ಅವತ್ತೇ ಹೋದವು.

ಮನೆ ಕೊಳ್ಳುವಾಗ "ಇದು ನೂರು ವರ್ಷದ ನೆರೆಯ ಜಾಗ" ಅಂತ ಕಾಗದದಲ್ಲಿ ಇತ್ತು. ನೂರು ವರ್ಷಕ್ಕೊಮ್ಮೆ ಅಂತ ಕೇಳಿದರೆ ನಮ್ಮ ಕಾಲಕ್ಕೆ ಬರಲ್ಲ ಅನ್ನಿಸುತ್ತೆ ಅಲ್ವಾ? ಅದರ ನಿಜವಾದ ಅರ್ಥ, ಪ್ರತಿ ವರ್ಷವೂ ನೂರಕ್ಕೆ ಒಂದರಷ್ಟು ಸಾಧ್ಯತೆ. 30 ವರ್ಷದ ಗೃಹಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ನಾಲ್ಕರಲ್ಲಿ ಒಂದು! ಇಷ್ಟು ಸಾಧ್ಯತೆ ಇರುವ ಬಸ್ಸಿಗೆ ನಾವೆಲ್ಲ ಸ್ಟಾಪಿನಲ್ಲಿ ಕಾಯುತ್ತೇವೆ.

ಸರಿ, ನೋಟೀಸಿನ ವಿಷಯಕ್ಕೆ ಬರೋಣ. ನಮ್ಮ ಟೌನ್‌ಶಿಪ್ ಕೇಂದ್ರ ಸರ್ಕಾರದ ವಸತಿ ಇಲಾಖೆಯ ದುಡ್ಡಿನಲ್ಲಿ ಹಳ್ಳದ ಅಂಚಿಗೆ ಒಂದು ಮಣ್ಣಿನ ಏರಿ ಕಟ್ಟುವ ಯೋಜನೆ ಹಾಕಿತ್ತು. ಅದು 'ಫ್ಲಡ್ ಮಿಟಿಗೇಶನ್', ಅಂದರೆ ನೆರೆಗೆ ಪರಿಹಾರ. ಆದರೆ ಏರಿ ಬರುವ ಜಾಗದಲ್ಲಿ ಸುಮಾರು ಮುಕ್ಕಾಲು ಎಕರೆ ಜೌಗು ಮಣ್ಣಿನಡಿ ಹೋಗುತ್ತದೆ. ಅದಕ್ಕೆ 'ವೆಟ್‌ಲ್ಯಾಂಡ್ ಮಿಟಿಗೇಶನ್', ಅಂದರೆ ಹೋದ ಜೌಗಿಗೆ ಪರಿಹಾರ. ಮೊದಲನೆಯ ಪರಿಹಾರ ಮಾಡುವ ಗಾಯಕ್ಕೆ ಎರಡನೆಯ ಪರಿಹಾರದ ಪಟ್ಟಿ. ನೋಟೀಸಿನ ಕೊನೆಯಲ್ಲಿ, ಸಾರ್ವಜನಿಕರು 15 ದಿನದೊಳಗೆ ಅಭಿಪ್ರಾಯ ಬರೆದು ತಿಳಿಸಬಹುದು ಅಂತ.

ಇಂಥ ನೋಟೀಸನ್ನು ಅವರು ಪ್ರೀತಿಯಿಂದ ಹಾಕುವುದಲ್ಲ, ಹಾಕಲೇಬೇಕು. 1977ರ ಮೇ 24ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದೇ ದಿನ ಎರಡು ಆದೇಶಗಳಿಗೆ ಸಹಿ ಹಾಕಿದರು. 11988 ನೆರೆಬಯಲಿನದು, 11990 ಜೌಗಿನದು. ತಿರುಳು ಇಷ್ಟೇ: ಕೇಂದ್ರದ ದುಡ್ಡಿನಲ್ಲಿ ಏನು ಮಾಡುವುದಿದ್ದರೂ, ನಡೆಯಬಹುದಾದ ಬೇರೆ ದಾರಿ ಇದ್ದರೆ ನೆರೆಬಯಲನ್ನೂ ಜೌಗನ್ನೂ ಮುಟ್ಟಬೇಡಿ. ವಸತಿ ಇಲಾಖೆ ಇದನ್ನು 8 ಮೆಟ್ಟಿಲು ಮಾಡಿತು. ಜಾಗ ನೆರೆಬಯಲಲ್ಲಿ ಇದೆಯೇ ನೋಡು. ಊರಿಗೆ ಮೊದಲೇ ತಿಳಿಸು. ಬೇರೆ ದಾರಿ ಹುಡುಕು. ಹಾನಿ ಏನೆಂದು ಬರೆ. ಹಾನಿ ಕಡಿಮೆ ಮಾಡು. ಬೇರೆ ದಾರಿಯನ್ನು ಮತ್ತೊಮ್ಮೆ ತೂಗಿ ನೋಡು. ಕೊನೆಯ ತೀರ್ಮಾನವನ್ನು ಕಾರಣದ ಸಮೇತ ಇನ್ನೊಮ್ಮೆ ಪ್ರಕಟಿಸು. ಆಮೇಲೆ ಕೆಲಸ ಶುರು ಮಾಡು. ಪರಿಶೀಲನೆ ಮಾಡುವುದು ದೂರದ ವಾಷಿಂಗ್ಟನ್ನಿನ ಅಧಿಕಾರಿ ಅಲ್ಲ, ದುಡ್ಡು ಪಡೆಯುವ ಊರಿನ ಆಡಳಿತವೇ. ಆ ಊರಿನ ಒಬ್ಬ ಅಧಿಕಾರಿ ಸಹಿ ಹಾಕಿ, ಇದರ ಜವಾಬ್ದಾರಿ ನಮ್ಮದು, ಕೋರ್ಟಿಗೆ ಎಳೆದರೆ ಬರುತ್ತೇವೆ ಅಂತ ಒಪ್ಪಿಕೊಳ್ಳಬೇಕು.

ನಾನು ಒಂದು ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಟೌನ್‌ಶಿಪ್ ಆಫೀಸಿಗೆ ಹೋದೆ. ಕಡತ ಕೇಳಿದರೆ ಕೌಂಟರಿನ ಹೆಂಗಸು ಆಶ್ಚರ್ಯದಿಂದ ನೋಡಿ, ಒಳಗಿಂದ ಎರಡು ದಪ್ಪ ಬೈಂಡರ್ ತಂದಿಟ್ಟರು. "ಇದನ್ನು ಕೇಳಿದವರಲ್ಲಿ ನೀವೇ ಮೊದಲು" ಅಂದರು. ಇನ್ನೂ 9 ದಿನ ಬಾಕಿ ಇತ್ತು.

ಕಡತ ನಿಜಕ್ಕೂ ಚೆನ್ನಾಗಿತ್ತು ಅನ್ನಬೇಕು. ಜೌಗಿನ ಗಡಿಯನ್ನು ಹೇಗೆ ಗುರುತಿಸಿದರು ಅನ್ನುವ ಭಾಗವನ್ನು ಓದಿ ನಮ್ಮ ಹಿತ್ತಿಲ ಹಿಂದಿನ ಗುಲಾಬಿ ಬಣ್ಣದ ಟೇಪಿನ ಗುಟ್ಟು ತಿಳಿಯಿತು. ಮೂರು ಸಾಕ್ಷಿ ನೋಡುತ್ತಾರೆ: ನೀರು, ಗಿಡ, ಮಣ್ಣು. ಬೈರಿಗೆಯಿಂದ ಮಣ್ಣು ತೆಗೆದು ಬಣ್ಣದ ಪುಸ್ತಕದ ಪಕ್ಕ ಹಿಡಿದು ನೋಡುತ್ತಾರಂತೆ. ವರ್ಷದಲ್ಲಿ ಬಹುಕಾಲ ನೀರು ನಿಂತ ಮಣ್ಣು ಗಾಳಿಯಿಲ್ಲದೆ ಬೂದುಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ತುಕ್ಕಿನ ಚುಕ್ಕೆ ಬಿದ್ದಿರುತ್ತದೆ. ಮೇಲೆ ನೀರು ಕಾಣದಿದ್ದರೂ ಮಣ್ಣು ಸುಳ್ಳು ಹೇಳುವುದಿಲ್ಲ. ನಮ್ಮ ಕಣ್ಣಿಗೆ ಅದು ಸೊಳ್ಳೆ ಹುಟ್ಟುವ ಜಾಗ. ಆದರೆ ಲೆಕ್ಕ ಹಾಕಿ ನೋಡಿ, ಒಂದು ಎಕರೆ ಜೌಗಿನಲ್ಲಿ ಒಂದು ಅಡಿ ನೀರು ನಿಂತರೆ ಸುಮಾರು 12 ಲಕ್ಷ ಲೀಟರ್. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ 12,000 ಲೀಟರಿನ ಟ್ಯಾಂಕರ್ 100! ಅಷ್ಟು ನೀರು ನಿಧಾನವಾಗಿ ನಿಂತು ಇಳಿಯುತ್ತದೆ, ನಮ್ಮ ಬೇಸ್‌ಮೆಂಟಿಗೆ ಬರುವ ಬದಲು.

ಇನ್ನು ಜೌಗಿಗೆ ಪರಿಹಾರ. ಇಲ್ಲಿ 'ಮಿಟಿಗೇಶನ್ ಬ್ಯಾಂಕ್' ಅಂತ ಇರುತ್ತವೆ. ಯಾರೋ ಒಬ್ಬರು ಹಾಳುಬಿದ್ದ ದೊಡ್ಡ ಜಾಗವನ್ನು ಮತ್ತೆ ಜೌಗು ಮಾಡುತ್ತಾರೆ, ಸರ್ಕಾರ ಅದಕ್ಕೆ ಇಷ್ಟು ಕ್ರೆಡಿಟ್ ಅಂತ ಕೊಡುತ್ತದೆ, ಬೇರೆ ಕಡೆ ಜೌಗು ತುಂಬಿಸುವವರು ಅದನ್ನು ಕೊಳ್ಳುತ್ತಾರೆ. 2008ರ ಕೇಂದ್ರದ ನಿಯಮ ಈ ಬ್ಯಾಂಕುಗಳಿಗೇ ಮೊದಲ ಮಣೆ ಹಾಕಿತು. ವ್ಯವಸ್ಥೆ ಕೆಟ್ಟದ್ದೇನಲ್ಲ. ಅಲ್ಲೊಂದು ಇಲ್ಲೊಂದು ತುಂಡು ಜೌಗಿಗಿಂತ ಒಂದೇ ಕಡೆ ದೊಡ್ಡದಿದ್ದರೆ ಹಕ್ಕಿಗಳಿಗೂ ಒಳ್ಳೆಯದು. ಆದರೆ ನಮ್ಮ ಯೋಜನೆಯ ಕ್ರೆಡಿಟ್ ಇದ್ದದ್ದು ಬಹಳ ಕೆಳಗೆ, ಸಮುದ್ರದ ಕಡೆ. ಹಕ್ಕಿ ಬೇಕಾದರೆ ಅಲ್ಲಿಗೆ ಹಾರಿ ಹೋಗಬಹುದು, ನಮ್ಮ ಹಳ್ಳದ ನೀರು ನಿಲ್ಲಲು ಅಲ್ಲಿಗೆ ಹೋಗುತ್ತದೆಯೇ? ಹೊಟ್ಟೆನೋವು ನನಗೆ, ಮಾತ್ರೆ ನುಂಗಿದ್ದು ಪಕ್ಕದೂರಿನವರು ಅನ್ನುವ ಹಾಗಾಯಿತು.

ನ್ಯೂಜೆರ್ಸಿಯ ನಿಯಮದ ಪ್ರಕಾರ ನೆರೆಬಯಲಲ್ಲಿ ಮಣ್ಣು ತುಂಬಿ ನೀರಿನ ಜಾಗ ಎಷ್ಟು ಕಸಿಯುತ್ತಾರೋ ಅಷ್ಟನ್ನು ಬೇರೆ ಕಡೆ ಅಗೆದು ಕೊಡಬೇಕು. ಅದನ್ನು ಮೇಲ್ಭಾಗದ ಪಾರ್ಕಿನಲ್ಲಿ ಅಗೆಯುವುದಾಗಿ ಕಡತದಲ್ಲಿ ಇತ್ತು. ಹಳ್ಳದ ಆಚೆ ದಡದಲ್ಲಿ ಒಬ್ಬ ಅಜ್ಜಿ ಇದ್ದಾರೆ, ನಲವತ್ತು ವರ್ಷದಿಂದ ಅದೇ ಮನೆ. ಅವರಿಗೆ ಇದನ್ನು ವಿವರಿಸಿದರೆ, "ಅದೆಲ್ಲ ಸರಿ, ನಿಮ್ಮ ಕಡೆ ಏರಿ ಬಂದರೆ ಹಳ್ಳಕ್ಕೆ ಉಳಿಯೋದು ನನ್ನ ಕಡೆ ಮಾತ್ರ ಅಲ್ವಾ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ನಾನು ಮತ್ತೆ ಮತ್ತೆ ಓದಿದ್ದು 'ಬೇರೆ ದಾರಿ'ಯ ಪುಟಗಳನ್ನು. ಮೂರು ದಾರಿ ಬರೆದಿದ್ದರು. ಒಂದು, ಏನೂ ಮಾಡದಿರುವುದು. ಎರಡು, ಹಳ್ಳದ ಅಂಚಿಗೆ ಏರಿ. ಮೂರು, ಇಡೀ ಬೀದಿಯ ಮನೆಗಳನ್ನು ಕೊಂಡು ಕೆಡವುವುದು. ತುಂಬಾ ದುಬಾರಿ ಅಂತ ಒಂದೇ ಪ್ಯಾರಾದಲ್ಲಿ ಬಿಟ್ಟಿದ್ದರು. ನಾಲ್ಕನೆಯದೊಂದು ಅಲ್ಲಿ ಇರಲೇ ಇಲ್ಲ. ಏರಿಯನ್ನು ಜೌಗಿನ ಈಚೆಗೆ, ನಮ್ಮ ಹಿತ್ತಿಲುಗಳ ಕೊನೆಗೆ ತಂದರೆ? ಜೌಗು ಹಳ್ಳದ ಪಾಲಿಗೇ ಉಳಿಯುತ್ತದೆ, ನೀರಿಗೂ ಕೈಕಾಲು ಚಾಚಲು ಜಾಗ. ಆ ದಾರಿ ಯಾಕೆ ಬರೆದಿರಲಿಲ್ಲ ಅಂತ ಊಹಿಸುವುದು ಕಷ್ಟವಲ್ಲ. ಜೌಗಿಗೆ ವೋಟಿಲ್ಲ, ಹಿತ್ತಿಲಿನವರಿಗೆ ಇದೆ. ನಾನು ಕೇಳಿದರೆ ಮೊದಲು ಹೋಗುವುದು ನನ್ನ ಹಿತ್ತಿಲೇ.

ಬೀದಿಯ ಕೊನೆಯಲ್ಲಿರುವ ಹುಬ್ಬಳ್ಳಿಯ ಮಿತ್ರರಿಗೆ ಹೇಳಿದೆ. "ಅಲ್ರೀ, ಏರಿ ಕಟ್ಟಿದ್ರ ನಮಗ ಚಲೋ ಅಲ್ಲೇನು? ಮನಿ ರೇಟ್ ಏರ್ತದ, ಇನ್ಶೂರನ್ಸ್ ಇಳೀತದ. ಸುಮ್ನ ಕಪ್ಪೀ ಸಲುವಾಗಿ ಯಾಕ ಅಡ್ಡ ಬರ್ತೀರಿ?" ಅಂದರು. ಅವರ ಮಾತು ಸುಳ್ಳಲ್ಲ. ಐಡಾದಲ್ಲಿ ಅವರ ಮನೆಗೆ ನಮಗಿಂತ ಹೆಚ್ಚು ನೀರು ನುಗ್ಗಿತ್ತು. ಅವರಿಗೆ ಬೇಕಾದದ್ದು ಬೇಗ ಆಗುವ ಏರಿ. ನಾನು ಬೇಡ ಅಂದಿದ್ದು ಏರಿಯನ್ನಲ್ಲ, ಅದು ನಿಲ್ಲುವ ಜಾಗವನ್ನು ಅಂತ ಹೇಳಿದೆ. ಅವರು ನಗಲಿಲ್ಲ.

ಬೇರೆ ದಾರಿ ಅನ್ನುವುದು ಬರೀ ಕಾಗದದ ಮಾತಲ್ಲ. ಮ್ಯಾಸಚೂಸೆಟ್ಸ್‌ನ ಚಾರ್ಲ್ಸ್ ನದಿಗೆ ಅಣೆಕಟ್ಟು ಕಟ್ಟುವುದಕ್ಕಿಂತ ಮೇಲ್ಭಾಗದ ಜೌಗುಗಳನ್ನು ಹಾಗೇ ಉಳಿಸುವುದೇ ಅಗ್ಗ ಅಂತ 1972ರಲ್ಲಿ ಹೇಳಿದ್ದು ಪರಿಸರವಾದಿಗಳಲ್ಲ, ಅಣೆಕಟ್ಟು ಕಟ್ಟುವುದನ್ನೇ ಕಸುಬಾಗಿಸಿಕೊಂಡ ಆರ್ಮಿ ಕೋರ್ ಎಂಜಿನಿಯರುಗಳು! 1974ರಲ್ಲಿ ಕಾಂಗ್ರೆಸ್ ಒಪ್ಪಿತು. 8,000ಕ್ಕೂ ಹೆಚ್ಚು ಎಕರೆಯನ್ನು ಕೊಂಡು, ಇಲ್ಲವೇ ಕಟ್ಟಡ ಕಟ್ಟದಂತೆ ಕರಾರು ಮಾಡಿಸಿ, ಜೌಗನ್ನು ಜೌಗಾಗಿಯೇ ಬಿಟ್ಟರು. ನಮ್ಮ ಕೆರೆ ಕಟ್ಟಿದ ಹಿರಿಯರೂ ಏರಿಯ ಜೊತೆಗೇ ಕೋಡಿ ಇಟ್ಟರು. ನೀರಿಗೆ ಹೋಗಲು ದಾರಿ ಬಿಡದ ಏರಿ ನಿಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಹಾಗಾಗಿ ಒಂದೂವರೆ ಪುಟದ ಪತ್ರ ಬರೆದೆ. ಬೈಗುಳ ಇಲ್ಲ, ಭಾಷಣ ಇಲ್ಲ. ನಾಲ್ಕನೆಯ ದಾರಿಯನ್ನು ತೂಗಿ ನೋಡಿದ್ದೀರಾ, ಇಲ್ಲವಾದರೆ ಯಾಕಿಲ್ಲ, ನನ್ನ ಹಿತ್ತಿಲಿನ ಜಾಗ ಕೇಳಿದರೆ ಕೊಡಲು ನಾನು ತಯಾರು, ಇಷ್ಟೇ. ಕೊನೆಯ ವಾಕ್ಯ ಬರೆಯುವ ಮುಂಚೆ ಹೆಂಡತಿಯನ್ನು ಕೇಳಿದೆ. ಅವಳು ಕಿಟಕಿಯಿಂದ ತನ್ನ ತರಕಾರಿ ಮಡಿಯ ಕಡೆ ನೋಡಿ, "ಬರೀರಿ, ನೋಡೋಣ" ಅಂದಳು. ಆಚೆ ದಡದ ಅಜ್ಜಿಯೂ ಕೈಬರಹದಲ್ಲಿ ಒಂದು ಪತ್ರ ಕೊಟ್ಟರು.

ಕೊನೆಯ ನೋಟೀಸ್ ಬಂದದ್ದು ಏಳು ತಿಂಗಳ ಮೇಲೆ. ಒಟ್ಟು ಮೂರು ಪತ್ರ ಬಂದಿದ್ದವು ಅಂತ ಅದರಲ್ಲಿ ಇತ್ತು. ಸಾವಿರಾರು ಜನರ ಊರಿನಲ್ಲಿ ಮೂರು! ಏರಿಯ ಬಹುಭಾಗವನ್ನು ಹಿತ್ತಿಲುಗಳ ಅಂಚಿಗೆ ಸರಿಸಿದ್ದರು. ಜಾಗ ಸಾಲದ ಒಂದು ತುದಿಯಲ್ಲಿ ಮಾತ್ರ ಸ್ವಲ್ಪ ಜೌಗು ಹೋಗುತ್ತದೆ, ಅದಕ್ಕೆ ಕ್ರೆಡಿಟ್ ಕೊಳ್ಳುತ್ತಾರೆ. ಕಾರಣಗಳನ್ನೂ ಬರೆದಿದ್ದರು, ಅದರಲ್ಲಿ ಕ್ರೆಡಿಟಿನ ಖರ್ಚು ಉಳಿಯುವುದೂ ಒಂದು. ಪೂರ್ತಿ ಗೆಲುವಲ್ಲ, ಪೂರ್ತಿ ಸೋಲೂ ಅಲ್ಲ.

ನಮ್ಮ ಹಿತ್ತಿಲಿನಲ್ಲಿ 14 ಅಡಿ ಅಗಲದ ಪಟ್ಟಿ ಹೋಯಿತು. ಹೀರೆ ಚಪ್ಪರ, ಬದನೆ, ದಂಟಿನ ಸೊಪ್ಪು, ಎಲ್ಲ ಅದರೊಳಗೇ. "ಊರಿಗೆ ಉಪಕಾರ ಮಾಡೋಕೆ ಹೋಗಿ ನನ್ನ ಹೀರೆಬಳ್ಳಿಗೆ ಸಂಚಕಾರ ತಂದ್ರಲ್ಲ" ಅಂತ ಹೆಂಡತಿ ಇವತ್ತಿಗೂ ಅನ್ನುತ್ತಾಳೆ. ಟೌನ್‌ಶಿಪ್ ಜಾಗಕ್ಕೆ ಪರಿಹಾರದ ಚೆಕ್ ಕೊಟ್ಟಿತು (ಎರಡನೆಯ ಅರ್ಥದ್ದು!). ಹುಬ್ಬಳ್ಳಿಯ ಮಿತ್ರರ ಹಿತ್ತಿಲಿನಲ್ಲಿ ನಮ್ಮದಕ್ಕಿಂತ ಹೆಚ್ಚು ಹೋಯಿತು. ಮಾತು ಬಿಟ್ಟಿಲ್ಲ, ಆದರೆ ಮೊದಲಿನ ಹಾಗೆ ಭಾನುವಾರ ಬೆಳಿಗ್ಗೆ ಗಿರ್ಮಿಟ್ ಹಿಡಿದು ಬರುವುದಿಲ್ಲ. ಅದಕ್ಕೆ ಯಾವ ಬ್ಯಾಂಕಿನಲ್ಲೂ ಕ್ರೆಡಿಟ್ ಸಿಗುವುದಿಲ್ಲ.

ಈ ಎಲ್ಲ ಪರಿಶೀಲನೆ ಬರೀ ವಿಳಂಬ ಅನ್ನುವವರು ಇಲ್ಲಿ ಬಹಳ ಜನ. 2023ರಲ್ಲಿ ಸುಪ್ರೀಂ ಕೋರ್ಟ್ ಸ್ಯಾಕೆಟ್ ಪ್ರಕರಣದಲ್ಲಿ ಕೇಂದ್ರದ ಕಾನೂನಿನ ರಕ್ಷಣೆಯಿಂದ ಎಷ್ಟೋ ಜೌಗುಗಳನ್ನು ಹೊರಗಿಟ್ಟಿತು. ನ್ಯೂಜೆರ್ಸಿಗೆ 1987ರಿಂದ ತನ್ನದೇ ಕಾನೂನು ಇದ್ದದ್ದರಿಂದ ನಮ್ಮದು ಉಳಿಯಿತು. 2025ರಲ್ಲಿ ಕೇಂದ್ರದ ಪರಿಸರ ಪರಿಶೀಲನೆಗೆ ದಶಕಗಳಿಂದ ಇದ್ದ ಒಟ್ಟಾರೆ ನಿಯಮಾವಳಿಯನ್ನೇ ತೆಗೆದುಹಾಕಿದರು. ಏಳು ತಿಂಗಳು ತಡವಾಯಿತು ಅನ್ನುವುದು ನಿಜ. ಆ ಏಳು ತಿಂಗಳಲ್ಲಿ ದೊಡ್ಡ ಮಳೆ ಬಂದಿದ್ದರೆ ನಾನು ಹುಬ್ಬಳ್ಳಿಯವರ ಮುಖ ನೋಡುವುದು ಕಷ್ಟವಾಗುತ್ತಿತ್ತು. ಆದರೆ ಏರಿ ಐವತ್ತು ವರ್ಷ ನಿಲ್ಲುವಂಥದ್ದು, ತಪ್ಪು ಜಾಗದಲ್ಲಿ ನಿಂತರೂ ಐವತ್ತು ವರ್ಷವೇ.

ಪರಿಹಾರದ ಎರಡು ಅರ್ಥದಲ್ಲಿ ಯಾವುದನ್ನು ಮೊದಲು ಕೇಳಬೇಕು ಅನ್ನುವುದಷ್ಟೇ ಇದರ ತಿರುಳು ಅಂತ ನನಗೆ ಅನ್ನಿಸುತ್ತೆ. ಎಷ್ಟು ಕೊಡುತ್ತೀರಿ ಅನ್ನುವುದಕ್ಕಿಂತ ಮೊದಲು, ಬೇರೆ ದಾರಿ ಇಲ್ಲವೇ ಅಂತ. ನಿಮ್ಮೂರ ಪತ್ರಿಕೆಯ ಹಿಂದಿನ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದ ನೋಟೀಸ್ ಕಂಡರೆ ಕನ್ನಡಕ ಹಾಕಿಕೊಂಡು ಒಮ್ಮೆ ಓದಿ. ತಾರೀಕು ಮಾತ್ರ ಮೊದಲು ನೋಡಿಕೊಳ್ಳಿ, ಹದಿನೈದು ದಿನ ಬಹಳ ಬೇಗ ಕಳೆದುಹೋಗುತ್ತೆ.